ಅಜ್ಜಿಯ ನೆನಪಿನ ಪುಸ್ತಿಕೆ: ಎಲ್ಲರೂ ಹೊಗಳಿದ್ದಾರೆ, ಅಜ್ಜಿ ಮಾತ್ರ ಕಾಣ್ತಿಲ್ಲ. ಹೇಗೆ ಬರೆಯಲಿ?

ಬಿಳಿಹಾಳೆ:
ನಮ್ಮ ಅಜ್ಜಿ ಈಚೆಗೆ ತೀರಿಕೊಂಡರು. ತೊಂಬತ್ತು ದಾಟಿತ್ತು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಅಂತ ತುಂಬು ಸಂಸಾರ. ಅವರ ನೆನಪಿಗೆ ಒಂದು ಪುಟ್ಟ ಪುಸ್ತಿಕೆ ಮಾಡೋಣ, ಮುಂದೆ ಹುಟ್ಟೋ ಮಕ್ಕಳೂ ಓದೋ ಹಾಗಿರಲಿ ಅಂತ ಮನೆಯಲ್ಲಿ ಮಾತಾಯ್ತು. ಬರೆಯೋ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರಿಗೂ ಒಂದೊಂದು ಪ್ಯಾರಾ ಬರೆದು ಕಳಿಸಿ ಅಂದೆ. ಕಳಿಸಿದ್ದಾರೆ ಕೂಡ. ಆದರೆ ಎಲ್ಲವನ್ನೂ ಜೋಡಿಸಿ ಓದಿದರೆ ಅದು ಯಾರ ಅಜ್ಜಿಗೆ ಬೇಕಾದರೂ ಹೊಂದುತ್ತೆ. ಮಮತೆಯ ಮೂರ್ತಿ, ತ್ಯಾಗಮಯಿ, ತನಗಾಗಿ ಏನನ್ನೂ ಬಯಸದವರು, ಮನೆಯ ಬೆನ್ನೆಲುಬು. ಯಾವುದೂ ಸುಳ್ಳಲ್ಲ. ಆದರೂ ಅದರಲ್ಲಿ ನಮ್ಮ ಅಜ್ಜಿ ಇಲ್ಲ. ಅವರು ಕನ್ನಡಕದ ಮುರಿದ ಕಡ್ಡಿಗೆ ದಾರ ಸುತ್ತಿಕೊಂಡು, ಹೊಸದು ತಂದುಕೊಟ್ಟರೂ ಹಾಕಿಕೊಳ್ಳದೆ ಹಟ ಮಾಡಿದ್ದು ಯಾರೂ ಬರೆದಿಲ್ಲ.

ಇನ್ನೊಂದು ತಕರಾರಿದೆ. ಅಜ್ಜಿಗೆ ಮೂಗಿನ ತುದಿಯಲ್ಲೇ ಕೋಪ. ಒಬ್ಬ ಸೊಸೆಯ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಅದನ್ನೂ ಬರೀಬೇಕು ಅಂತ ನನ್ನ ಆಸೆ. ದೊಡ್ಡಪ್ಪ ಮಾತ್ರ ‘ಹೋದವರ ಬಗ್ಗೆ ಅದೆಲ್ಲ ಯಾಕೆ ಕೆದಕ್ತೀಯ’ ಅಂತ ಒಂದೇ ಪಟ್ಟು. ಇಂಥದ್ದನ್ನ ಬರೆದವರು ಯಾರಾದರೂ ಇದ್ದೀರಾ? ಎಲ್ಲಿಂದ ಶುರು ಮಾಡಿದಿರಿ?

ಕಿಟಕಿಪಕ್ಕ:
ಅಜ್ಜಿಗೆ ಸದ್ಗತಿ ಸಿಗಲಿ. ಬಂದಿರೋ ಪ್ಯಾರಾಗಳನ್ನ ಸಂಕೋಚ ಇಟ್ಕೊಳ್ಳದೆ ವಾಪಸ್ ಕಳಿಸಿ. ‘ಅಜ್ಜಿ ಹೇಗಿದ್ರು’ ಅಂತ ಕೇಳಿದ್ರೆ ಎಲ್ಲರೂ ಒಳ್ಳೆಯವರಿದ್ರು ಅಂತಲೇ ಹೇಳೋದು. ‘ಅಜ್ಜಿ ಏನು ಮಾಡಿದ್ದನ್ನ ನೀನು ಕಣ್ಣಾರೆ ನೋಡಿದೀಯ, ಒಂದೇ ಒಂದು ಹೇಳು’ ಅಂತ ಕೇಳಿ.

ನಮ್ಮ ಅಜ್ಜಿಗೆ ಓದು ಬರಹ ಬರ್ತಿರಲಿಲ್ಲ. ಅಂಕಿ ಮಾತ್ರ ಗೊತ್ತಿತ್ತು. ಮನೆಗೆ ಫೋನ್ ಬಂದಾಗ ಒಂದು ಸಣ್ಣ ನೋಟ್‌ಬುಕ್ ಇಟ್ಕೊಂಡು ನಂಬರ್ ಪಕ್ಕದಲ್ಲಿ ಹೆಸರಿನ ಬದಲು ಚಿತ್ರ ಬರೀತಿದ್ರು. ದೊಡ್ಡ ಮಾವ ಅಂದ್ರೆ ಕೊಡೆ, ಯಾಕಂದ್ರೆ ಅವನು ಎಲ್ಲಿ ಹೋದ್ರೂ ಕೊಡೆ ಮರೆತು ಬರೋನು. ಡಾಕ್ಟರಿಗೆ ಎರಡು ಸೊನ್ನೆ ಸೇರಿಸಿ ಕನ್ನಡಕ. ನಮ್ಮಮ್ಮನಿಗೆ ಜಡೆ. ನನಗೆ ಬರೀ ಒಂದು ಚುಕ್ಕಿ, ಮನೆಯಲ್ಲಿ ನಾನೇ ಚಿಕ್ಕವಳು. ಅವರು ಬುದ್ಧಿವಂತೆ, ಎಲ್ಲರನ್ನೂ ಗಮನಿಸೋರು ಅಂತ ನಾನು ಬೇರೆಯಾಗಿ ಬರೆಯೋ ಅಗತ್ಯವೇ ಬೀಳಲಿಲ್ಲ.

ನೀಲಿಶಾಯಿ:
ಆ ನೋಟ್‌ಬುಕ್ ಈಗ ಯಾರ ಹತ್ರ ಇದೆ? ದಯವಿಟ್ಟು ಪುಟಪುಟವೂ ಸ್ಕ್ಯಾನ್ ಮಾಡಿಸಿ.

ಕಿಟಕಿಪಕ್ಕ:
ಚಿಕ್ಕಮ್ಮನ ಬೀರುವಿನಲ್ಲಿದೆ. ಸ್ಕ್ಯಾನ್ ಆಗಿದೆ, ಎಲ್ಲರ ಹತ್ರನೂ ಒಂದೊಂದು ಪ್ರತಿ ಇದೆ.

ಹಳೇಕಡತ:
@ಬಿಳಿಹಾಳೆ, ಇಂಥ ಪುಸ್ತಿಕೆಗಳನ್ನ ಸುಮಾರು ಓದಿದ್ದೇನೆ. ಹೆಚ್ಚಿನವು ಮದುವೆಯಿಂದ ಶುರುವಾಗುತ್ತವೆ. ಅದಕ್ಕೂ ಮೊದಲು ಆಕೆ ಇರಲೇ ಇಲ್ಲವೇನೋ ಅನ್ನಿಸಿಬಿಡುತ್ತದೆ. ಬರೆಯುವವರು ಮಕ್ಕಳು, ಮೊಮ್ಮಕ್ಕಳು; ಅವರಿಗೆ ತಾಯಿಯಾದ ಮೇಲಿನ ಹೆಂಗಸೇ ಗೊತ್ತಿರುವುದು, ಆದ್ದರಿಂದ ಹೀಗಾಗುವುದು ಸಹಜ. ಆದರೆ ವಯಸ್ಸಾದವರಿಗೆ ತಮ್ಮ ಬದುಕಿನಲ್ಲಿ ಗಾಢವಾಗಿ ನೆನಪಿರುವ ಕಾಲ ಯಾವುದು ಅಂತ ಮನಶ್ಶಾಸ್ತ್ರಜ್ಞರು ನೋಡಿದ್ದಾರೆ. ಸುಮಾರು 10ರಿಂದ 30 ವರ್ಷದ ನಡುವಿನ ಘಟನೆಗಳೇ ಹೆಚ್ಚು ಉಳಿದಿರುತ್ತವೆ. 1986ರಲ್ಲಿ ರೂಬಿನ್ ಮತ್ತು ಸಂಗಡಿಗರು ಇದನ್ನು ಚೆನ್ನಾಗಿ ತೋರಿಸಿಕೊಟ್ಟರು, ಆಮೇಲೆ ಬೇರೆ ಬೇರೆ ಕಡೆಯೂ ಹೀಗೇ ಕಂಡುಬಂತು. ಅಂದರೆ ನಿಮ್ಮ ಅಜ್ಜಿಯ ಪಾಲಿಗೆ ‘ನನ್ನ ಬದುಕು’ ಅನ್ನುವುದರ ಬಹುಭಾಗ ನೀವು ಯಾರೂ ಹುಟ್ಟುವ ಮೊದಲೇ ನಡೆದುಹೋಗಿತ್ತು.

ಹಾಗಾಗಿ ಅಜ್ಜಿಯ ತಂಗಿಯೋ ತಮ್ಮನೋ ಬಾಲ್ಯದ ಗೆಳತಿಯೋ ಯಾರಾದರೂ ಇದ್ದರೆ ಇವತ್ತೇ ಹೋಗಿ ಕೂತು ಮಾತಾಡಿ. ನಾಳೆ ಅನ್ನಬೇಡಿ. ಮದುವೆಗೆ ಮುಂಚೆ ಯಾರ ಜೊತೆ ಆಡುತ್ತಿದ್ದರು, ಯಾವುದಕ್ಕೆ ಹೆದರುತ್ತಿದ್ದರು, ಶಾಲೆ ಬಿಡಿಸಿದಾಗ ಏನಂದರು, ಇವೆಲ್ಲ ಅವರೊಬ್ಬರಿಗೇ ಗೊತ್ತು.

ಬಿಳಿಹಾಳೆ:
ಅಜ್ಜಿಯ ತಂಗಿ ಒಬ್ಬರಿದ್ದಾರೆ. ಕಿವಿ ಮಂದ, ಆದರೆ ನೆನಪು ಚುರುಕು. ಈ ವಾರವೇ ಹೋಗ್ತೀನಿ.

ಎರಡನೇಮೊಮ್ಮಗ:
ನನ್ನ ಅಭಿಪ್ರಾಯ ಬೇರೆ. ಮನೆ ಮಂದಿ ಓದೋಕೆ ಅಂತ ಮಾಡ್ತಿರೋ ಪುಸ್ತಿಕೆಗೆ ಇಷ್ಟೆಲ್ಲ ಸಂಶೋಧನೆ ಬೇಕಾ? ದುಃಖದಲ್ಲಿರೋ ಮಗ ‘ನನ್ನ ತಾಯಿ ತ್ಯಾಗಮಯಿ’ ಅಂತ ಬರೆದರೆ ಅದು ಅವರ ಮನಸ್ಸಿನ ಮಾತು. ಅದನ್ನ ತಿದ್ದೋಕೆ ನಾವ್ಯಾರು? ಎಲ್ಲರಿಗೂ ಬರವಣಿಗೆ ಒಲಿದಿರಲ್ಲ. ಆ ಒಂದು ಸಾಲು ಬರೆಯೋಕೇ ಅವರಿಗೆ ಎಷ್ಟು ಕಷ್ಟ ಆಗಿರುತ್ತೋ.

ತಿರುವು:
@ಎರಡನೇಮೊಮ್ಮಗ, ಮಗನ ದುಃಖ ನನಗೂ ಅರ್ಥ ಆಗುತ್ತೆ. ಆದರೆ ‘ತನಗಾಗಿ ಏನೂ ಬಯಸಲಿಲ್ಲ’ ಅನ್ನೋ ಸಾಲನ್ನ ನಾನು ಒಪ್ಪಲ್ಲ. ಬಯಸಿದ್ರೋ ಇಲ್ವೋ ಅಂತ ಯಾರಾದ್ರೂ ಒಂದು ದಿನ ಕೇಳಿದ್ರಾ? ಹೊಗಳಿಕೆಯ ಹೆಸರಲ್ಲಿ ಆ ಹೆಂಗಸಿನ ಆಸೆ, ಸಿಟ್ಟು, ದುಡಿಮೆ ಎಲ್ಲವನ್ನೂ ಅಳಿಸಿಬಿಡ್ತೀವಿ.

ದುಡಿಮೆ ಅಂದೆ, ಅದನ್ನೇ ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ 64 ದೇಶಗಳ ಅಂಕಿ ಇಟ್ಕೊಂಡು ಲೆಕ್ಕ ಹಾಕಿತ್ತು. ಮನೆಗೆಲಸ, ಮಕ್ಕಳು, ವಯಸ್ಸಾದವರು, ಕಾಯಿಲೆಯವರನ್ನ ನೋಡಿಕೊಳ್ಳೋ ಸಂಬಳವಿಲ್ಲದ ಕೆಲಸ ದಿನಕ್ಕೆ 1640 ಕೋಟಿ ಗಂಟೆ. ಅಂದ್ರೆ 200 ಕೋಟಿ ಜನ ದಿನಾ 8 ಗಂಟೆ ದುಡಿದಷ್ಟು. ಅದರಲ್ಲಿ 76.2% ಹೆಂಗಸರದ್ದು. ತಾತನ ಬಗ್ಗೆ ಬರೆಯುವಾಗ ಎಲ್ಲಿ ಕೆಲಸ ಮಾಡಿದ್ರು, ಯಾವಾಗ ಬಡ್ತಿ ಸಿಕ್ತು ಅಂತ ಇಸವಿ ಸಮೇತ ಬರೀತೀವಿ. ಅಜ್ಜಿ ವಿಷಯಕ್ಕೆ ಬಂದ್ರೆ ‘ಮಮತೆ’ ಅಂತ ಒಂದು ಮಾತು. ಅತ್ತೆ ಹಾಸಿಗೆ ಹಿಡಿದಾಗ ಎಷ್ಟು ವರ್ಷ ನೋಡಿಕೊಂಡ್ರು, ರಾತ್ರಿ ಎಷ್ಟು ಸಲ ಏಳ್ತಿದ್ರು, ಯಾರ ಫೀಸಿಗೆ ಯಾವ ಒಡವೆ ಹೋಯ್ತು, ಇದನ್ನ ಬರೀರಿ.

ಎರಡನೇಮೊಮ್ಮಗ:
ಪ್ರೀತಿಯನ್ನ ಗಂಟೆ ಲೆಕ್ಕದಲ್ಲಿ ಅಳೆಯೋದು ನನಗೆ ಸರಿ ಕಾಣಲ್ಲ. ನಮ್ಮ ಅಜ್ಜಿಗೆ ಹೀಗೆ ಲೆಕ್ಕ ತೋರಿಸಿದ್ರೆ ನೊಂದ್ಕೊಳ್ತಿದ್ರು. ಅವರು ಮಾಡಿದ್ದು ಕೂಲಿಗಲ್ಲ.

ತಿರುವು:
ಕೂಲಿ ಕೊಡಿ ಅಂತ ಯಾರೂ ಹೇಳ್ತಿಲ್ಲ. ಮಾಡಿದ್ದು ಕೆಲಸ ಅಂತ ದಾಖಲಾಗಲಿ ಅಷ್ಟೇ.

ಹೆಸರು ಉಳಿದರೂ ಕೆಲಸ ಹೇಗೆ ಮರೆಯಾಗುತ್ತೆ ಅನ್ನೋದಕ್ಕೆ ತಾಯಂದಿರ ದಿನದ ಕಥೆಯೇ ಸಾಕ್ಷಿ. ಅದು ಹುಟ್ಟಿದ್ದೇ ಒಬ್ಬ ಮಗಳು ತನ್ನ ತಾಯಿಯನ್ನ ನೆನೆಯೋಕೆ ಅಂತ. ಅಮೆರಿಕದ ಆನ್ ರೀವ್ಸ್ ಜಾರ್ವಿಸ್ 1905ರಲ್ಲಿ ತೀರಿಕೊಂಡರು. ಹತ್ತಕ್ಕೂ ಹೆಚ್ಚು ಮಕ್ಕಳನ್ನ ಹೆತ್ತರೂ ದೊಡ್ಡವರಾಗೋವರೆಗೆ ಉಳಿದದ್ದು ನಾಲ್ಕೇ. ಕಣ್ಣೆದುರು ಮಕ್ಕಳು ರೋಗದಲ್ಲಿ ಸಾಯೋದನ್ನ ನೋಡಿ ಆಕೆ ತಾಯಂದಿರ ಸಂಘ ಕಟ್ಟಿ, ಶುಚಿತ್ವ, ಹಾಲಿನ ತಪಾಸಣೆ, ಕಾಯಿಲೆ ಬಿದ್ದ ಮನೆಗೆ ನೆರವು ಅಂತ ಓಡಾಡಿದರು. ಅಂತರ್ಯುದ್ಧ ಬಂದಾಗ ಎರಡೂ ಕಡೆಯ ಸೈನಿಕರಿಗೆ ಆರೈಕೆ ಮಾಡಿದ್ರು. ಮಗಳು ಆನಾ 1908ರಲ್ಲಿ ತಾಯಿಯ ನೆನಪಿಗೆ ಸಭೆ ಏರ್ಪಡಿಸಿದಳು. 1914ರಲ್ಲಿ ಅದು ದೇಶಕ್ಕೇ ಅಧಿಕೃತ ದಿನವಾಯ್ತು. ಆಮೇಲೆ ಅದು ಹೂವು, ಕಾರ್ಡಿನ ವ್ಯಾಪಾರ ಆಗಿದ್ದನ್ನ ನೋಡಿ ಆನಾ ಕೊನೆತನಕ ಅದರ ವಿರುದ್ಧ ಹೋರಾಡಿದಳು. ಇವತ್ತು ಆ ದಿನ ಎಲ್ಲರಿಗೂ ಗೊತ್ತು. ಆ ತಾಯಿ ಏನು ಮಾಡಿದ್ರು ಅಂತ ಎಷ್ಟು ಜನಕ್ಕೆ ಗೊತ್ತು?

ನೀಲಿಶಾಯಿ:
ನನಗೆ ಗೊತ್ತಿರಲಿಲ್ಲ. ಹೇಳಿದ್ದು ಒಳ್ಳೇದಾಯ್ತು.

ದಾದಿಯಕ್ಕ:
ವೃದ್ಧರ ಆರೈಕೆಯಲ್ಲೇ ನನ್ನ ಕೆಲಸ. ಎರಡು ಮಾತು ಹೇಳಬೇಕು.

ಒಂದು, ಅಜ್ಜಿಯ ಕೊನೆಯ ಒಂದೆರಡು ವರ್ಷ ಇಡೀ ಪುಸ್ತಿಕೆಯನ್ನ ನುಂಗದ ಹಾಗೆ ನೋಡಿಕೊಳ್ಳಿ. ಯಾವ ಅನುಭವವನ್ನೇ ಆಗಲಿ ನಾವು ನೆನೆಯೋದು ಅದರ ತೀವ್ರವಾದ ಕ್ಷಣ ಮತ್ತು ಅದರ ಕೊನೆ, ಇವೆರಡರಿಂದಲೇ ಹೆಚ್ಚು ಅಂತ ಡೇನಿಯಲ್ ಕಾನೆಮನ್ ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟಿದ್ದಾರೆ. ಎಷ್ಟು ಕಾಲ ನಡೆಯಿತು ಅನ್ನೋದು ನೆನಪಿನ ಲೆಕ್ಕಕ್ಕೆ ಅಷ್ಟಾಗಿ ಬರೋದೇ ಇಲ್ಲ. ಮನೆಗಳಲ್ಲಿ ಇದನ್ನ ನಾನು ದಿನಾ ಕಾಣ್ತೀನಿ. ಎಂಬತ್ತು ವರ್ಷ ನೆಟ್ಟಗೆ ಓಡಾಡಿದ ಜೀವ, ಮಕ್ಕಳ ಕಣ್ಣಲ್ಲಿ ಮೂಗಿನ ನಳಿಕೆ, ಬೆನ್ನಿನ ಹುಣ್ಣು, ಗುರುತು ಹಿಡಿಯದ ನೋಟ ಅಷ್ಟೇ ಆಗಿಬಿಟ್ಟಿರುತ್ತೆ. ಅದರಲ್ಲೂ ಮರೆವಿನ ಕಾಯಿಲೆ ಇದ್ದವರ ಮನೆಯಲ್ಲಿ. ನಾನು ನೋಡಿಕೊಳ್ತಿದ್ದ ಒಬ್ಬರಿಗೆ ಮಗಳ ಹೆಸರೂ ಮರೆತುಹೋಗಿತ್ತು, ಆದರೆ ಮಗಳು ಪಕ್ಕದಲ್ಲಿ ಕೂತು ಹಳೇ ಹಾಡು ಹಿಡಿದರೆ ಎರಡನೇ ಚರಣ ತಾವೇ ಹೇಳೋರು. ಹಾಡಿ ಮುಗಿಸಿ ‘ನೀನು ಯಾರ ಮಗಳಮ್ಮ, ಚೆನ್ನಾಗಿ ಹಾಡ್ತೀಯ’ ಅಂತ ಕೇಳೋರು. ಮಗಳು ಅಳ್ತಾ ನಗೋಳು. ಅಂಥದ್ದನ್ನ ಬರೀರಿ, ಖಂಡಿತ ಬರೀರಿ. ಜೊತೆಗೆ ಅದಕ್ಕೂ ಹಿಂದಿನ ಎಂಬತ್ತು ವರ್ಷಕ್ಕೂ ಜಾಗ ಇರಲಿ.

ಎರಡು, ಈಗ ಅಜ್ಜಿ ಇರುವವರಿಗೆ. ‘ಹೇಳಿದ್ದೇ ಹೇಳ್ತಾರೆ’ ಅಂತ ಎದ್ದು ಹೋಗಬೇಡಿ. ಹಿಂದೆ ಡಾಕ್ಟರುಗಳೂ ಇದನ್ನ ಬುದ್ಧಿ ಮಂಕಾಗೋದರ ಲಕ್ಷಣ ಅಂತಿದ್ರು. 1963ರಲ್ಲಿ ರಾಬರ್ಟ್ ಬಟ್ಲರ್ ಅನ್ನೋ ಮನೋವೈದ್ಯರು, ವಯಸ್ಸಾದವರು ತಮ್ಮ ಬದುಕನ್ನ ಮತ್ತೆ ಮತ್ತೆ ತಿರುಗಿ ನೋಡೋದು ಸಹಜ, ಅದರಿಂದ ಅವರಿಗೆ ಹಳೆಯ ನೋವುಗಳ ಜೊತೆ ರಾಜಿಯಾಗೋಕೆ ದಾರಿ ಸಿಗಬಹುದು ಅಂತ ಬರೆದರು. ಇವತ್ತು ಆರೈಕೆ ಕೇಂದ್ರಗಳಲ್ಲಿ ನೆನಪಿನ ಮಾತುಕತೆಗೆ ಅಂತಲೇ ಹೊತ್ತು ಇಡೋದುಂಟು.

ಮೌನಿ:
ದಾದಿಯಕ್ಕ, ಆ ‘ನೀನು ಯಾರ ಮಗಳಮ್ಮ’ ಓದಿ ಕಣ್ಣು ತುಂಬಿ ಬಂತು.

ಜೀವಕೋಶ:
ವಿಷಯದಿಂದ ಸ್ವಲ್ಪ ಆಚೆ ಹೋಗ್ತಿದ್ದೀನಿ, ಆದರೆ ಪುಸ್ತಿಕೆಗೆ ಬೇಕಾಗಬಹುದು. ನಾನು ಜೀವಶಾಸ್ತ್ರ ಪಾಠ ಮಾಡುವವನು. ಹೆಣ್ಣು ಶಿಶು ಗರ್ಭದಲ್ಲಿ 20 ವಾರದ್ದಾಗುವಷ್ಟರಲ್ಲಿ ಅದರ ಅಂಡಾಶಯದಲ್ಲಿ 60ರಿಂದ 70 ಲಕ್ಷ ಎಳೆಯ ಅಂಡಾಣುಗಳು ಇರುತ್ತವೆ. ಹುಟ್ಟುವ ಹೊತ್ತಿಗೆ 10–20 ಲಕ್ಷಕ್ಕೆ ಇಳಿದಿರುತ್ತವೆ. ಅಂದರೆ ನೀವು ಯಾವ ಅಂಡಾಣುವಿನಿಂದ ಹುಟ್ಟಿದಿರೋ ಅದು ರೂಪುಗೊಂಡಿದ್ದು ನಿಮ್ಮಮ್ಮ ಅಜ್ಜಿಯ ಹೊಟ್ಟೆಯಲ್ಲಿದ್ದಾಗ! ಒಂದು ಅರ್ಥದಲ್ಲಿ ಅಜ್ಜಿ ನಮ್ಮನ್ನೂ ಹೊತ್ತಿದ್ದಾರೆ.

ಅಪ್ಪನಮ್ಮನಮಗ:
ಇದು ಅಮ್ಮನ ತಾಯಿಗೆ ಮಾತ್ರ ಅನ್ವಯ ಅಲ್ವಾ ಸರ್? ನನ್ನನ್ನ ಸಾಕಿದ್ದು ಅಪ್ಪನ ತಾಯಿ. ಅಮ್ಮ ನಾನು ಕೂಸಿದ್ದಾಗಲೇ ಹೋದ್ರು. ಅಜ್ಜಿಗೆ ಆಗಲೇ ಅರವತ್ತು. ಮಂಡಿ ನೋವಲ್ಲೂ ನನ್ನ ಹಿಂದೆ ಓಡಿ ಓಡಿ ಬೆಳೆಸಿದ್ರು. ಶಾಲೆಯಲ್ಲಿ ‘ತಾಯಿಯ ಸಹಿ’ ಅಂತ ಇರೋ ಕಡೆ ಅವರು ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆಯೋರು. ಆ ಸಹಿಗೋಸ್ಕರವೇ ಅಕ್ಷರ ಕಲಿತದ್ದು. ಅಂಡಾಣು ಲೆಕ್ಕದಲ್ಲಿ ನೋಡಿದ್ರೆ ಇವರು ನನ್ನನ್ನ ಹೊತ್ತಿಲ್ಲ. ನನ್ನ ಮಟ್ಟಿಗೆ ಅವರೇ ಹೊತ್ತಿದ್ದು.

ಜೀವಕೋಶ:
ನೀವು ಹೇಳಿದ್ದು ಸರಿ, ಅಂಡಾಣುವಿನ ಮಾತು ತಾಯಿಯ ತಾಯಿಗೆ ಮಾತ್ರ. ಆದರೆ ಅಜ್ಜಿ ಅನ್ನೋ ಪಾತ್ರದ ಬಗ್ಗೆ ವಿಜ್ಞಾನ ಅಷ್ಟಕ್ಕೇ ನಿಂತಿಲ್ಲ. ಹೆರುವ ವಯಸ್ಸು ಮುಗಿದ ಮೇಲೂ ಹೆಣ್ಣು ಇಷ್ಟು ದೀರ್ಘಕಾಲ ಯಾಕೆ ಬದುಕುತ್ತಾಳೆ ಅನ್ನುವುದು ದೊಡ್ಡ ಪ್ರಶ್ನೆಯಾಗಿತ್ತು. ಕ್ರಿಸ್ಟೆನ್ ಹಾಕ್ಸ್ ಮತ್ತು ತಂಡದವರು ಟಾಂಜಾನಿಯಾದ ಹಾಡ್ಜಾ ಜನರ ನಡುವೆ ಇದ್ದು ನೋಡಿದರು. ಅಲ್ಲಿ ಮುದುಕಿಯರು ದಿನವೂ ನೆಲ ಅಗೆದು ಗೆಡ್ಡೆ ತೆಗೆಯುತ್ತಿದ್ದರು. ತಾಯಿ ಹೊಸ ಕೂಸಿಗೆ ಹಾಲೂಡಿಸುತ್ತಿರುವಾಗ ಅದಕ್ಕಿಂತ ದೊಡ್ಡ ಮಗು ಎಷ್ಟು ಚೆನ್ನಾಗಿ ಬೆಳೆಯುತ್ತೆ ಅನ್ನುವುದು ಅಜ್ಜಿಯ ದುಡಿಮೆಯನ್ನ ಅವಲಂಬಿಸಿತ್ತು. ಮುಂದೆ 2004ರಲ್ಲಿ ಫಿನ್‌ಲೆಂಡ್ ಮತ್ತು ಕೆನಡಾದ 18–19ನೇ ಶತಮಾನದ ಕುಟುಂಬ ದಾಖಲೆಗಳನ್ನ ಜಾಲಾಡಿದಾಗ, ಹೆಣ್ಣು 50ರ ನಂತರ ಬದುಕಿದ ಪ್ರತಿ 10 ವರ್ಷಕ್ಕೆ ಆಕೆಗೆ ಸರಾಸರಿ ಇಬ್ಬರು ಮೊಮ್ಮಕ್ಕಳು ಹೆಚ್ಚಿಗೆ ಇದ್ದದ್ದು ಕಂಡುಬಂತು. ಇದನ್ನೆಲ್ಲ ಒಪ್ಪದ ವಿಜ್ಞಾನಿಗಳೂ ಇದ್ದಾರೆ, ಚರ್ಚೆ ನಡೆದೇ ಇದೆ. ಆದರೂ ನಿಮ್ಮ ಅಜ್ಜಿ ಅರವತ್ತರಲ್ಲಿ ಮಾಡಿದ್ದು ಮನುಷ್ಯರು ಉಳಿದು ಬಂದ ಕಥೆಯ ಭಾಗ ಅಂತ ನಾನು ನಂಬ್ತೀನಿ.

ನೀಲಿಶಾಯಿ:
ತಿಮಿಂಗಿಲಗಳಲ್ಲೂ ಹೀಗೇ ಅಂತ ಓದಿದ ನೆನಪು. ಓರ್ಕಾಗಳಲ್ಲಿ ಅಜ್ಜಿಯೇ ಗುಂಪನ್ನ ಮುಂದೆ ನಿಂತು ಆಹಾರ ಇರೋ ಕಡೆ ಕರ್ಕೊಂಡು ಹೋಗುತ್ತಂತೆ.

ಜೀವಕೋಶ:
ಹೌದು. ಅದರಲ್ಲೂ ಸಾಲ್ಮನ್ ಮೀನು ಸಿಗುವುದು ಕಡಿಮೆಯಾದ ವರ್ಷಗಳಲ್ಲಿ. ಅಜ್ಜಿ ಸತ್ತ ನಂತರದ ಎರಡು ವರ್ಷ ಮೊಮ್ಮರಿಗಳು ಸಾಯುವ ಸಾಧ್ಯತೆ ಹೆಚ್ಚು ಅಂತ 2019ರ ಅಧ್ಯಯನ ಹೇಳಿತು.

ನಿರ್ವಾಹಕ:
ತಿಮಿಂಗಿಲಕ್ಕೆ ಬೇರೆ ಎಳೆ ತೆರೆಯಬಹುದು. ಇಲ್ಲಿ ಬಿಳಿಹಾಳೆ ಅವರ ಎರಡನೇ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಜಗಳದ ವಿಷಯ ಬರೀಬೇಕೋ ಬೇಡವೋ?

ಎರಡನೇಮೊಮ್ಮಗ:
ಬೇಡ. ಹೋದವರು ಬಂದು ತಮ್ಮ ಪರವಾಗಿ ಮಾತಾಡೋಕೆ ಆಗಲ್ಲ. ಅಚ್ಚಾದ್ದು ಅಚ್ಚಾಗಿಯೇ ಉಳಿಯುತ್ತೆ. ಮರಿಮಕ್ಕಳು ಅಜ್ಜಿಯನ್ನ ಜಗಳಗಂಟಿ ಅಂತ ತಿಳ್ಕೊಂಡ್ರೆ ಯಾರು ಹೊಣೆ?

ಕಿಟಕಿಪಕ್ಕ:
ಮರಿಮಕ್ಕಳು ಅಷ್ಟು ದಡ್ಡರಲ್ಲ. ಕೋಪಿಷ್ಠೆ ಅಂತ ತಿಳಿದ ಮೇಲೂ ಪ್ರೀತಿ ಹುಟ್ಟುತ್ತೆ. ಬರೀ ಒಳ್ಳೆಯವರ ಬಗ್ಗೆ ಓದಿದ್ರೆ ಗೌರವ ಬರಬಹುದು, ಹತ್ತಿರದವರು ಅನ್ನಿಸಲ್ಲ.

ಹಳೇಕಡತ:
ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ. ಆ ಜಗಳದ ಇನ್ನೊಂದು ಪಕ್ಷದವರು ಬದುಕಿದ್ದರೆ ಅವರ ಒಪ್ಪಿಗೆ ಇಲ್ಲದೆ ಬರೆಯಬೇಡಿ. ಅವರು ಒಪ್ಪಿದರೆ ದೊಡ್ಡಪ್ಪನಿಗೆ ತಡೆಯುವ ಹಕ್ಕಿಲ್ಲ. ಒಂದೇ ಘಟನೆಯನ್ನ ಇಬ್ಬರು ಮೂವರ ಬಾಯಲ್ಲಿ ಬೇರೆ ಬೇರೆಯಾಗಿ ಕೂತು ಕೇಳಿ. ಸಭೆ ಸೇರಿಸಿ ಕೇಳಿದರೆ ಹಿರಿಯರು ಹೇಳಿದ್ದಕ್ಕೇ ಎಲ್ಲರೂ ತಲೆಯಾಡಿಸುತ್ತಾರೆ. ಹೇಳಿಕೆಗಳು ಹೊಂದದಿದ್ದರೆ ಹೊಂದಿಸಲು ಹೋಗದೆ ಎರಡನ್ನೂ ಹಾಗೇ ಬರೆಯಿರಿ.

ಬಿಳಿಹಾಳೆ:
ಆ ಸೊಸೆ ನಮ್ಮಮ್ಮ.

ಹೇಳಬೇಕೋ ಬೇಡವೋ ಅಂತ ಇಷ್ಟು ಹೊತ್ತು ಯೋಚನೆ ಮಾಡ್ತಿದ್ದೆ. ಅವರಿಬ್ಬರ ಮಧ್ಯೆ ಸುದ್ದಿ ಮುಟ್ಟಿಸೋ ಕೆಲಸ ಚಿಕ್ಕಂದಿನಲ್ಲಿ ನನ್ನದೇ. ಒಂದೇ ಕೋಣೆಯಲ್ಲಿ ಇಬ್ಬರೂ ಇದ್ದರೂ ‘ನಿಮ್ಮಮ್ಮನಿಗೆ ಹೇಳು’, ‘ನಿಮ್ಮಜ್ಜಿಗೆ ಹೇಳು’ ಅಂತ ಇಬ್ಬರೂ ನನ್ನನ್ನ ನೋಡಿಕೊಂಡೇ ಮಾತಾಡೋರು. ಅಮ್ಮ ಈಗ ಅಜ್ಜಿಯ ಬಗ್ಗೆ ಏನೂ ಬರೆದುಕೊಟ್ಟಿಲ್ಲ. ನಾನೂ ಒತ್ತಾಯ ಮಾಡಿಲ್ಲ.

ತಿರುವು:
ಅಮ್ಮನನ್ನ ಕೇಳಿ. ‘ಬರೆದುಕೊಡಿ’ ಅನ್ನಬೇಡಿ, ಪಕ್ಕದಲ್ಲಿ ಕೂತು ಕೇಳಿ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ಹೆಂಗಸಿನ ಬಗ್ಗೆ ಅವರಿಗೆ ಗೊತ್ತಿರೋಷ್ಟು ದೊಡ್ಡಪ್ಪನಿಗೆ ಗೊತ್ತಿರಲ್ಲ.

ಮೌನಿ:
ಯಾರೂ ಹೇಳದ ಒಂದು ವಿಷಯ ಹೇಳ್ತೀನಿ. ದೀರ್ಘಾಯುಸ್ಸನ್ನ ನಾವು ವರ ಅಂತೀವಿ. ನಮ್ಮ ಅಜ್ಜಿ ನೂರರ ಹತ್ತಿರ ಬದುಕಿದ್ರು. ಗಂಡ, ಅಕ್ಕತಂಗಿಯರು, ಗೆಳತಿಯರು, ಕೊನೆಗೆ ಹೆತ್ತ ಇಬ್ಬರು ಗಂಡುಮಕ್ಕಳು, ಎಲ್ಲರನ್ನೂ ಕಳಿಸಿಕೊಟ್ರು. ತನ್ನನ್ನ ಹೆಸರು ಹಿಡಿದು ಕರೆಯೋರು ಒಬ್ಬರೂ ಉಳಿದಿಲ್ಲ ಅಂತ ಒಂದು ದಿನ ಹೇಳಿದ್ರು. ಎಲ್ಲರಿಗೂ ಅವರು ಅಮ್ಮ, ಅಜ್ಜಿ, ಅತ್ತೆ. ಆ ದಿನದಿಂದ ನಾನು ಅವರನ್ನ ಹೆಸರು ಹಿಡಿದು ಕರೆಯೋಕೆ ಶುರು ಮಾಡಿದೆ. ಮೊದಲು ಬೈದ್ರು, ಆಮೇಲೆ ಕರೆದ ಕೂಡಲೇ ಓಗೊಡೋಕೆ ಶುರು ಮಾಡಿದ್ರು. ಬಿಳಿಹಾಳೆ ಅವರೇ, ಪುಸ್ತಿಕೆಯಲ್ಲಿ ಅಜ್ಜಿಯ ಹೆಸರು ಇದೆ ತಾನೆ? ಚಿಕ್ಕಂದಿನಲ್ಲಿ ಕರೆಯೋ ಹೆಸರೂ ಹಾಕಿ.

ನೀಲಿಶಾಯಿ:
ಜಗತ್ತಲ್ಲಿ ಅತಿ ಹೆಚ್ಚು ವರ್ಷ ಬದುಕಿದವರು ಜಪಾನಿನ ಅಜ್ಜಿ ಅಲ್ವಾ? ಅವರ ಬಗ್ಗೆಯೂ ಹೀಗೇ ಇರಬೇಕು.

ಹಳೇಕಡತ:
ಅಲ್ಲ, ಜಪಾನಿನ ಕಾನೆ ತನಾಕಾ ಎರಡನೆಯವರು, 2022ರಲ್ಲಿ 119ನೇ ವಯಸ್ಸಿನಲ್ಲಿ ತೀರಿಕೊಂಡರು. ದಾಖಲೆ ಇರುವುದು ಫ್ರಾನ್ಸಿನ ಝಾನ್ ಕಾಲ್ಮಾ ಹೆಸರಿನಲ್ಲಿ: 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡಾಗ 122 ವರ್ಷ 164 ದಿನ. ಮೌನಿ ಹೇಳಿದ್ದು ಅವರ ಬದುಕಿನಲ್ಲೂ ನಿಜ. ಒಬ್ಬಳೇ ಮಗಳು 1934ರಲ್ಲಿ ಹೋದಳು. ಒಬ್ಬನೇ ಮೊಮ್ಮಗ 1963ರಲ್ಲಿ ರಸ್ತೆ ಅಪಘಾತದಲ್ಲಿ ಹೋದ. ಆಮೇಲೂ 34 ವರ್ಷ ಬದುಕಿದರು.

ಮೌನಿ:
34 ವರ್ಷ. ಎಲ್ಲರೂ ಆಕೆಯ ವಯಸ್ಸನ್ನ ಎಣಿಸ್ತಾರೆ, ಈ ಲೆಕ್ಕ ಯಾರೂ ಮಾಡಲ್ಲ.

ಸಂಜೆಬಸ್:
ಎಲ್ಲ ಓದಿದೆ. ನನಗನ್ನಿಸೋದು, ಇಷ್ಟೆಲ್ಲ ಕೆದಕ್ತಾ ಕೂತರೆ ದುಃಖ ಆರೋದು ಯಾವಾಗ? ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಅಂತ ಐದು ಹಂತ ಇದೆಯಲ್ಲ, ಆ ಒಪ್ಪಿಗೆಗೆ ಬಂದು ಮುಂದೆ ಹೋಗಬೇಕು. ಬಿಟ್ಟುಬಿಡೋದನ್ನ ಕಲೀಬೇಕು.

ದಾದಿಯಕ್ಕ:
ಆ ಐದು ಹಂತವನ್ನ ಎಲಿಜಬೆತ್ ಕುಬ್ಲರ್ ರಾಸ್ 1969ರಲ್ಲಿ ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಕಳೆದುಕೊಂಡವರ ದುಃಖಕ್ಕೂ ಅದನ್ನ ಆಮೇಲೆ ಅನ್ವಯಿಸಿದ್ರು. ಎಲ್ಲರೂ ಅದೇ ಕ್ರಮದಲ್ಲಿ ಹಂತ ಹತ್ತಿ ಇಳೀತಾರೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. 1996ರ ಹೊತ್ತಿಗೆ ಡೆನಿಸ್ ಕ್ಲಾಸ್ ಮತ್ತು ಜೊತೆಗಾರರು ಇನ್ನೊಂದು ಮಾತು ಮುಂದಿಟ್ರು: ಹೋದವರ ಜೊತೆಗಿನ ನಂಟು ಕಡಿದುಹೋಗಬೇಕಿಲ್ಲ, ರೂಪ ಬದಲಿಸಿಕೊಂಡು ಮುಂದುವರಿಯಬಹುದು, ಅದು ಕಾಯಿಲೆ ಅಲ್ಲ. ಅಜ್ಜಿಯ ಬಗ್ಗೆ ಬರೆಯೋದರಿಂದ ಗಾಯ ಆರಲ್ಲ ಅಂತ ನನಗನ್ನಿಸಿಲ್ಲ. ಬರೆದು ಹಗುರಾದವರನ್ನೇ ನಾನು ಹೆಚ್ಚು ಕಂಡಿದ್ದು. ಆದರೆ ತಿಂಗಳುಗಟ್ಟಲೆ ನಿದ್ದೆ ಊಟ ಸೇರದೆ, ದಿನದ ಕೆಲಸವೇ ಆಗದಿದ್ದರೆ ಡಾಕ್ಟರನ್ನ ನೋಡಲೇಬೇಕು.

ಸಂಜೆಬಸ್:
ನನಗೆ ಅಮ್ಮನ ಧ್ವನಿ ಕೇಳಿದ್ರೆ ಇನ್ನೂ ತಡ್ಕೊಳ್ಳೋಕೆ ಆಗಲ್ಲ. ಫೋನಲ್ಲಿ ಒಂದು ವಾಯ್ಸ್ ಮೆಸೇಜ್ ಇದೆ, ‘ತಲುಪಿದ ಮೇಲೆ ಒಂದು ಫೋನ್ ಮಾಡು’ ಅಂತ. ತೆರೆಯಲ್ಲ. ಅದಕ್ಕೇ ಹೇಳಿದ್ದು.

ಕಿಟಕಿಪಕ್ಕ:
ತೆರೆಯಬೇಡಿ, ಪರವಾಗಿಲ್ಲ. ಆದರೆ ಇವತ್ತೇ ಅದನ್ನ ಫೋನಿಂದ ಹೊರಗೆ ಇನ್ನೆರಡು ಕಡೆ ಕಾಪಿ ಮಾಡಿಡಿ. ಫೋನ್ ಕೆಟ್ಟರೆ ಹೋಗಿಬಿಡುತ್ತೆ. ಕೇಳೋ ಧೈರ್ಯ ಬಂದ ದಿನ ಅದು ಇರಬೇಕು.

ಸಂಜೆಬಸ್:
ತಮ್ಮನ ಕೈಲಿ ಮಾಡಿಸಿದೆ. ಅವನ ಲ್ಯಾಪ್‌ಟಾಪಿನಲ್ಲೂ ಒಂದು ಪೆನ್‌ಡ್ರೈವಿನಲ್ಲೂ ಇದೆ.

ಹಳೇಕಡತ:
ಧ್ವನಿಯ ಮಾತು ಬಂತಲ್ಲ, ಅಜ್ಜಿ ಇರುವವರು ರೆಕಾರ್ಡ್ ಮಾಡಿಕೊಳ್ಳಿ. 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ ಸ್ಟೋರಿಕಾರ್ಪ್ಸ್ ಅನ್ನುವವರು ಒಂದು ಪುಟ್ಟ ಗೂಡು ಇಟ್ಟರು. ಪರಸ್ಪರ ಗೊತ್ತಿರುವ ಇಬ್ಬರು ಒಳಗೆ ಕೂತು 40 ನಿಮಿಷ ಮಾತಾಡುವುದು, ಒಂದು ಪ್ರತಿ ಅವರಿಗೆ, ಅವರು ಒಪ್ಪಿದರೆ ಇನ್ನೊಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ. ಸಾಮಾನ್ಯ ಜನರ ಮಾತು ರಾಷ್ಟ್ರದ ಗ್ರಂಥಾಲಯ ಸೇರಿತು. ನಮಗೆ ಗೂಡು ಬೇಡ, ಫೋನ್ ಸಾಕು. ಫ್ಯಾನ್ ಆರಿಸಿ, ಫೋನನ್ನು ಅವರ ಹತ್ತಿರ ಬಟ್ಟೆಯ ಮೇಲೆ ಇಡಿ, ಕೈಯಲ್ಲಿ ಹಿಡಿಯಬೇಡಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಆ ಮೌನದ ನಂತರವೇ ಒಳ್ಳೆಯ ಮಾತು ಬರುವುದು. ರೆಕಾರ್ಡ್ ಆಗುತ್ತಿದೆ ಅಂತ ಅವರಿಗೆ ಮೊದಲೇ ಹೇಳಿ, ಕದ್ದು ಮಾಡಬೇಡಿ. ವಾಟ್ಸ್ಯಾಪಿನಲ್ಲಿ ಕಳಿಸಿದ ಪ್ರತಿಯನ್ನು ನೆಚ್ಚಬೇಡಿ, ಮೂಲ ಫೈಲನ್ನೇ ಉಳಿಸಿ. ಮನೆಯಲ್ಲಿ ಹಳೇ ಕ್ಯಾಸೆಟ್ ಇದ್ದರೆ ಅದನ್ನೂ ಬೇಗ ಡಿಜಿಟಲ್ ಮಾಡಿಸಿ, ಟೇಪು ಕಾಲಕ್ರಮೇಣ ಹಾಳಾಗುತ್ತದೆ.

ಅಪ್ಪನಮ್ಮನಮಗ:
ನಮ್ಮಜ್ಜಿ ಮೈಕ್ ನೋಡಿದ್ರೆ ಗಂಭೀರವಾಗಿ ಬಿಡ್ತಿದ್ರು. ಕೈಗೆ ಸೂಜಿ ದಾರ ಕೊಟ್ಟು ಗುಂಡಿ ಹಾಕಿಕೊಡಿ ಅಂದ್ರೆ ಮಾತು ತಾನಾಗಿ ಬರ್ತಿತ್ತು. ಸೂಜಿಗೆ ದಾರ ಪೋಣಿಸೋಕೆ ಮಾತ್ರ ನನ್ನ ಕೈಗೆ ಕೊಡೋರು, ಗಂಟು ಅವರೇ ಹಾಕಬೇಕು. ರೆಕಾರ್ಡಿನಲ್ಲಿ ಮಧ್ಯೆ ಮಧ್ಯೆ ಹಲ್ಲಲ್ಲಿ ದಾರ ಕಡಿಯೋ ಶಬ್ದ ಇದೆ.

ಬಿಳಿಹಾಳೆ:
ಎಲ್ಲರಿಗೂ ವಂದನೆ. ಎರಡು ಕೆಲಸ ಆಯ್ತು.

ಅಜ್ಜಿಯ ತಂಗಿಯ ಹತ್ತಿರ ಹೋಗಿ ಬಂದೆ. ಅಜ್ಜಿ ಮದುವೆಗೆ ಮುಂಚೆ ಈಜೋರಂತೆ! ಹುಡುಗರ ಜೊತೆ ಪಂದ್ಯ ಕಟ್ಟಿ ಗೆಲ್ಲೋರಂತೆ. ನಮ್ಮ ಇಡೀ ಮನೆಯಲ್ಲಿ ಒಬ್ಬರಿಗೂ ಇದು ಗೊತ್ತಿಲ್ಲ, ಹೆತ್ತ ಮಕ್ಕಳಿಗೂ ಇಲ್ಲ. ದೊಡ್ಡಪ್ಪ ಕೇಳಿ ತುಂಬಾ ಹೊತ್ತು ಮಾತೇ ಆಡಲಿಲ್ಲ.

ಅಮ್ಮನ ಜೊತೆಯೂ ಕೂತೆ. ನಾನು ಚಿಕ್ಕವಳಿದ್ದಾಗ ಅಮ್ಮನಿಗೆ ಜ್ವರ ಬಂದು ಬಹಳ ದಿನ ಮಲಗಿದ್ದರಂತೆ. ಅಜ್ಜಿ ರಾತ್ರಿಯೆಲ್ಲ ತಲೆದೆಸೆಯಲ್ಲಿ ಕೂತು ಹಣೆಗೆ ತಣ್ಣೀರು ಬಟ್ಟೆ ಹಾಕ್ತಿದ್ರು. ಆಗಲೂ ಮಾತಿಲ್ಲ. ನಡುರಾತ್ರಿ ಮಾತ್ರೆ ಹೊತ್ತಾದರೆ ನಿದ್ದೆಯಲ್ಲಿದ್ದ ನನ್ನ ಕಡೆ ತಿರುಗಿ ‘ನಿಮ್ಮಮ್ಮನಿಗೆ ಹೇಳು, ಮಾತ್ರೆ ಹೊತ್ತಾಯ್ತು’ ಅನ್ನೋರಂತೆ. ನಾನು ನಿದ್ದೆಯಲ್ಲಿದ್ದೀನಿ ಅಂತ ಇಬ್ಬರಿಗೂ ಗೊತ್ತು. ಅಮ್ಮ ಸುಮ್ಮನೆ ಕೈಚಾಚಿ ತಗೊಳ್ಳೋರಂತೆ. ‘ಆ ಸಿಟ್ಟೂ ನಿಜ, ಆ ರಾತ್ರಿಗಳೂ ನಿಜ, ಬರೆಯೋದಿದ್ರೆ ಎರಡೂ ಬರಿ’ ಅಂದ್ರು ಅಮ್ಮ. ಜಗಳ ಯಾಕೆ ಶುರುವಾಯ್ತು ಅಂತ ಕೇಳಿದೆ. ಅದನ್ನ ಹೇಳಲಿಲ್ಲ, ನಾನೂ ಬಿಟ್ಟೆ.

ಎರಡನೇಮೊಮ್ಮಗ:
ಇದನ್ನ ಬರೀರಿ. ಜಗಳ ಅಂದ್ರೆ ಯಾರನ್ನೋ ದೂರೋದು ಅಂತ ತಿಳಿದು ಬೇಡ ಅಂದಿದ್ದೆ. ಇದರಲ್ಲಿ ದೂರೇ ಇಲ್ಲ. ಆದರೆ ಮಕ್ಕಳು ಬರೆದ ‘ತ್ಯಾಗಮಯಿ’ಯನ್ನೂ ತೆಗೀಬೇಡಿ, ಕೊನೆಗೆ ಒಂದು ಪುಟದಲ್ಲಿ ಎಲ್ಲರ ಮಾತೂ ಇರಲಿ.

ತಿರುವು:
ಒಪ್ಪಿದೆ. ಈಜಿದ್ದು ಮೊದಲನೇ ಪುಟದಲ್ಲೇ ಬರಲಿ.

ಬಿಳಿಹಾಳೆ:
ಮಕ್ಕಳ ಮಾತಿಗೆ ಒಂದು ಪುಟ ಇಡ್ತೀನಿ. ಇನ್ನೊಂದು ಸಹಾಯ ಬೇಕು. ತಂಗಿಯ ಹತ್ತಿರ ಅವರಿಬ್ಬರ ಹಳೇ ಫೋಟೋ ಒಂದಿದೆ, ಚೌಕಟ್ಟಿನ ಗಾಜಿಗೆ ಅಂಟಿಕೊಂಡುಬಿಟ್ಟಿದೆ. ಬಿಡಿಸೋದು ಹೇಗೆ?

ಹಳೇಕಡತ:
ಬಿಡಿಸಲೇಬೇಡಿ! ಎಳೆದರೆ ಚಿತ್ರದ ಪದರವೇ ಗಾಜಿನ ಜೊತೆ ಕಿತ್ತುಬರುತ್ತದೆ. ಗಾಜಿನ ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ, ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಇಟ್ಟು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಮೂಲವನ್ನು ಹಾಗೇ ತೇವ ಇಲ್ಲದ ಕಡೆ ಇಡಿ. ಬೇರೆ ಬಿಡಿ ಫೋಟೋಗಳಿದ್ದರೆ ಹಿಂಬದಿ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ, ಯಾರು ಯಾರು ಅಂತ ಬರೆಸಿಕೊಳ್ಳಿ. ಬಾಲ್‌ಪೆನ್ ಬೇಡ, ಅಚ್ಚು ಮುಂಬದಿಗೆ ಮೂಡುತ್ತದೆ.

ಬಿಳಿಹಾಳೆ:
ಸರಿ. ನಾಳೆ ಪೆನ್ಸಿಲ್ ತಗೊಂಡು ಮತ್ತೆ ಹೋಗ್ತೀನಿ. ಇನ್ನೂ ಒಂದು ಡಬ್ಬಿ ಫೋಟೋ ಇದೆ ಅಂದಿದ್ದಾರೆ.